3.6 ಮಿಲಿಮೀಟರ್

ಪುಣೆಯಲ್ಲಿ ಕವಾಸಾಕಿ ಅಂದರೆ ಬೈಕು. ಆಕುರ್ಡಿಯ ಬಜಾಜ್ ಆಟೋ ಕಂಪನಿ 1980ರ ದಶಕದಲ್ಲಿ ಜಪಾನಿನ ಕವಾಸಾಕಿ ಕಂಪನಿಯ ಜೊತೆ ಸೇರಿ ಬೈಕು ಮಾಡಲು ಶುರುಮಾಡಿದ ಮೇಲೆ ಈ ಹೆಸರು ಇಲ್ಲಿಯ ಗ್ಯಾರೇಜುಗಳಲ್ಲೆಲ್ಲ ಮನೆಮಾತಾಯಿತು. ಹಾಗಾಗಿ "ನಮ್ಮ ಮಗಳಿಗೆ ಚಿಕ್ಕಂದಿನಲ್ಲಿ ಕವಾಸಾಕಿ ಆಗಿತ್ತು" ಎಂದು ನಾನು ಹೇಳಿದರೆ ಎದುರಿದ್ದವರು ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ. "ಬೈಕಿನಿಂದ ಬಿದ್ದಿದ್ದಳಾ?" ಎಂದು ಕೇಳಿದವರೂ ಇದ್ದಾರೆ. ಬೈಕಿಗೂ ಕಾಯಿಲೆಗೂ ಹೆಸರು ಒಂದೇ ಎನ್ನುವುದನ್ನು ಬಿಟ್ಟರೆ ಬೇರೆ ನಂಟಿಲ್ಲ.

ಹೋದ ತಿಂಗಳು ಕನ್ನಡದವರೆಲ್ಲ ಸೇರಿದ್ದ ಒಂದು ಕಾರ್ಯಕ್ರಮದಲ್ಲಿ, ಕಲಬುರಗಿ ಕಡೆಯಿಂದ ಈಚೆಗೆ ವರ್ಗವಾಗಿ ಬಂದ ತಾಯಿಯೊಬ್ಬರು ನನ್ನ ಜೊತೆ ಈ ವಿಷಯ ತೆಗೆದರು. ಅವರ ಮಗನಿಗೂ ಇದೇ ಕಾಯಿಲೆ ಆಗಿತ್ತಂತೆ. "ಈಗ ಆರಾಮಿದ್ದಾನ್ರೀ. ಓಡ್ತಾನ, ಆಡ್ತಾನ, ಚಲೋ ಉಣ್ತಾನ. ಜ್ವರ ಹೋಗಿ ಎರಡ ವರ್ಷ ಆತು. ಆದ್ರೂ ಡಾಕ್ಟರು ಎಕೋ ಮಾಡಸ್ರಿ, ಎಕೋ ಮಾಡಸ್ರಿ ಅಂತಾರ. ಯಾಕ್ರೀ?" ಊಟದ ತಟ್ಟೆ ಕೈಯಲ್ಲಿ ಹಿಡಿದು ಎರಡು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರ ಅದಾಗಿರಲಿಲ್ಲ. ಊರಿಂದೂರಿಗೆ ಹೋಗುತ್ತಲೇ ಇರುವ ನಮ್ಮಂಥವರಿಗೆ ಅದರಲ್ಲಿ ವಿಶೇಷವಾಗಿ ತಿಳಿಯಬೇಕಾದದ್ದೂ ಇದೆ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ನಾನು ವೈದ್ಯೆಯಲ್ಲ, ಹದಿಮೂರು ವರ್ಷ ಒಂದು ಫೈಲು ಹಿಡಿದುಕೊಂಡು ಆಸ್ಪತ್ರೆಗಳ ಬೆಂಚಿನ ಮೇಲೆ ಕೂತವಳು. ಅಲ್ಲಿ ಕೇಳಿ, ಓದಿ, ಮತ್ತೆ ಮತ್ತೆ ಕೇಳಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಮೊದಲು ಕಾಯಿಲೆಯ ವಿಷಯ. 1961ರ ಜನವರಿಯಲ್ಲಿ ಟೋಕಿಯೋದ ರೆಡ್‌ಕ್ರಾಸ್ ಆಸ್ಪತ್ರೆಗೆ ನಾಲ್ಕು ವರ್ಷದ ಹುಡುಗನೊಬ್ಬ ಬಂದ. ಬಿಡದ ಜ್ವರ, ಕೆಂಪು ಕಣ್ಣು, ಒಡೆದ ತುಟಿ, ಮೈಮೇಲೆ ಗಂದೆ. ಆಗ ಗೊತ್ತಿದ್ದ ಯಾವ ಕಾಯಿಲೆಗೂ ಅದು ಸರಿಯಾಗಿ ಹೊಂದಲಿಲ್ಲ. ಮಕ್ಕಳ ವೈದ್ಯ ಟೋಮಿಸಾಕು ಕವಾಸಾಕಿ ಅದನ್ನು ಬರೆದಿಟ್ಟುಕೊಂಡರು. ಅಂಥದೇ ಮಕ್ಕಳು ಮತ್ತೆ ಬಂದಾಗಲೂ ಬರೆದಿಟ್ಟರು. ಹೀಗೆ ಐವತ್ತು ಮಕ್ಕಳ ವಿವರವನ್ನು 1967ರಲ್ಲಿ ಜಪಾನಿ ಭಾಷೆಯಲ್ಲಿ ಪ್ರಕಟಿಸಿದರು. ಇದು ತಾನಾಗಿ ಬಂದು ತಾನಾಗಿ ಹೋಗುವ, ಹಿಂದೆ ಏನನ್ನೂ ಉಳಿಸದ ಕಾಯಿಲೆ ಎಂದೇ ಆಗ ನಂಬಿದ್ದರು. ಆಮೇಲೆ, ಜ್ವರ ಇಳಿದು ಚೇತರಿಸಿಕೊಳ್ಳುತ್ತಿದ್ದ ಕೆಲವು ಮಕ್ಕಳು ಹಠಾತ್ತನೆ ತೀರಿಕೊಂಡಾಗ ವಿಷಯ ಹೊರಬಿತ್ತು. ಕಾಯಿಲೆ ಚರ್ಮದ್ದೂ ಅಲ್ಲ, ಬರೀ ಜ್ವರದ್ದೂ ಅಲ್ಲ. ಅದು ರಕ್ತನಾಳಗಳ ಉರಿಯೂತ, ಮತ್ತು ಅದಕ್ಕೆ ಎಲ್ಲಕ್ಕಿಂತ ಇಷ್ಟವಾದ ಜಾಗ ಹೃದಯಕ್ಕೆ ರಕ್ತ ಕೊಡುವ ಕರೋನರಿ ನಾಳ. ಕವಾಸಾಕಿಯವರು 2020ರ ಜೂನ್‌ನಲ್ಲಿ, ತಮ್ಮ 95ನೇ ವಯಸ್ಸಿನಲ್ಲಿ ತೀರಿಕೊಂಡರು. ಕಾಯಿಲೆ ಯಾಕೆ ಬರುತ್ತದೆ ಎನ್ನುವುದು ಇವತ್ತಿಗೂ ಬಿಡಿಸದ ಒಗಟು.

ನಮ್ಮ ಮನೆಗೆ ಅದು ಬಂದದ್ದು 2012ರಲ್ಲಿ. ಆಗ ನಾವು ಧಾರವಾಡದಲ್ಲಿದ್ದೆವು, ಮಗಳಿಗೆ ಮೂರು ವರ್ಷ. ಮೂರು ದಿನ ಜ್ವರ ಬಂದಾಗ ವೈರಲ್ ಅಂದರು, ನಾಲ್ಕನೇ ದಿನ ಗಂದೆ ಎದ್ದಾಗ ದಡಾರ ಇರಬಹುದು ಅಂದರು. ಪಿಸುರಿಲ್ಲದ ಕೆಂಪು ಕಣ್ಣು, ರಕ್ತ ಜಿನುಗುವ ತುಟಿ, ಊದಿದ ಅಂಗೈ ಅಂಗಾಲು. ನಾಲಿಗೆ ಮಾತ್ರ ನಾನು ಯಾವತ್ತೂ ಮರೆಯಲಾರೆ: ಮಹಾಬಳೇಶ್ವರದಿಂದ ಬರುತ್ತವಲ್ಲ, ಆ ಸ್ಟ್ರಾಬೆರಿಯ ಹಾಗೆ ಕೆಂಪಗೆ, ಚುಕ್ಕಿ ಚುಕ್ಕಿ. ಈ ಕಾಯಿಲೆಗೆ ಇದೊಂದು ಮಾಡಿಸಿದರೆ ಗೊತ್ತಾಗುತ್ತದೆ ಅನ್ನುವಂಥ ರಕ್ತಪರೀಕ್ಷೆ ಇಲ್ಲ. ನೋಡುವ ಕಣ್ಣಿರುವ ವೈದ್ಯರು ಬೇಕು. ಏಳನೇ ದಿನ ಹಿರಿಯ ವೈದ್ಯರೊಬ್ಬರು ಕೂಸಿನ ತುಟಿ, ಕೈ, ಕುತ್ತಿಗೆಯ ಗಂಟು ನೋಡಿದವರೇ, "ಇವತ್ತೇ ಎಕೋ ಆಗಬೇಕು, ಇವತ್ತೇ ಇಂಜೆಕ್ಷನ್ ಶುರುವಾಗಬೇಕು" ಅಂದರು.

ಆ ಇಂಜೆಕ್ಷನ್ನಿನ ಹೆಸರು ಇಮ್ಯುನೋಗ್ಲಾಬುಲಿನ್. ಸಾವಿರಾರು ದಾನಿಗಳ ರಕ್ತದ ಪ್ಲಾಸ್ಮಾದಿಂದ ತೆಗೆದ ಪ್ರತಿಕಾಯಗಳು. ಮಗುವಿನ ತೂಕದ ಒಂದೊಂದು ಕಿಲೋಗೆ 2 ಗ್ರಾಂ ಲೆಕ್ಕ. ನಮ್ಮವಳು 14 ಕಿಲೋ ಇದ್ದಳು, ಅಂದರೆ 28 ಗ್ರಾಂ. ಐದು ಗ್ರಾಮಿನ ಬಾಟಲಿಗಳು ಆರು. ಬೆಲೆ ಕೇಳಿ ನನ್ನ ಗಂಡ ಗೋಡೆಗೆ ಒರಗಿದ್ದು ನೆನಪಿದೆ. ಹತ್ತು ದಿನದೊಳಗೆ ಕೊಟ್ಟರೆ ಹೃದಯದ ನಾಳಕ್ಕೆ ಆಗುವ ಪೆಟ್ಟು ಬಹಳ ಕಡಿಮೆಯಾಗುತ್ತದೆ. ಔಷಧಿಯಿಲ್ಲದೆ ಬಿಟ್ಟರೆ ನೂರು ಮಕ್ಕಳಲ್ಲಿ ಸುಮಾರು 25 ಮಕ್ಕಳ ನಾಳ ಉಬ್ಬುತ್ತದೆ. ಸಮಯಕ್ಕೆ ಕೊಟ್ಟರೆ ಆ ಸಂಖ್ಯೆ ನಾಲ್ಕೈದಕ್ಕೆ ಇಳಿಯುತ್ತದೆ. ಮರುದಿನವೇ ಜ್ವರ ಇಳಿಯಿತು. ಆದರೆ ಎರಡನೇ ವಾರದ ಎಕೋದಲ್ಲಿ ನಮ್ಮವಳು ಆ ನಾಲ್ಕೈದರಲ್ಲಿ ಒಬ್ಬಳೆಂದು ಗೊತ್ತಾಯಿತು. ಎಡಗಡೆಯ ಮುಖ್ಯ ಕವಲಿನಲ್ಲಿ ಉಬ್ಬು. ಅಳತೆ 3.6 ಮಿಲಿಮೀಟರ್.

ಇನ್ನು ಮುಂದೆ ಈ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಳ್ಳಿ. ನಾನು ಹೇಳಬೇಕಾದದ್ದೆಲ್ಲ ಇದರ ಸುತ್ತಲೇ ಇದೆ.

3.6 ಮಿಲಿಮೀಟರ್ ಅಂದರೆ ಎಷ್ಟು? ದೊಡ್ಡವರ ಹೃದಯದಲ್ಲಿ ಅದೇ ನಾಳ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಅಲ್ಲಿ ಅದು ಆರೋಗ್ಯ. ಮೂರು ವರ್ಷದ ಮಗುವಿನಲ್ಲಿ ಅದು ಎರಡು ಮಿಲಿಮೀಟರಿನ ಆಸುಪಾಸು ಇರಬೇಕು. ಅಲ್ಲಿ 3.6 ಅಂದರೆ ಕಾಯಿಲೆ. ಒಂದೇ ಅಳತೆ, ಒಬ್ಬರಿಗೆ ಸರಿ, ಇನ್ನೊಬ್ಬರಿಗೆ ಅಪಾಯ. ಅದಕ್ಕೇ ವೈದ್ಯರು ಮಗುವಿನ ಎತ್ತರ, ತೂಕ ಹಾಕಿ ಝಡ್ ಸ್ಕೋರ್ ಎಂಬ ಲೆಕ್ಕ ಮಾಡುತ್ತಾರೆ. ಈ ಗಾತ್ರದ ಮಗುವಿಗೆ ಇರಬೇಕಾದ ಅಳತೆಯಿಂದ ಈ ನಾಳ ಎಷ್ಟು ದೂರ ಸರಿದಿದೆ ಎನ್ನುವ ಲೆಕ್ಕ ಅದು. 2.5ರಿಂದ 5ರವರೆಗೆ ಇದ್ದರೆ ಸಣ್ಣ ಉಬ್ಬು, 5ರಿಂದ 10 ಮಧ್ಯಮ, 10 ದಾಟಿದರೆ ಅಥವಾ ನಾಳವೇ 8 ಮಿಲಿಮೀಟರ್ ಮುಟ್ಟಿದರೆ ದೈತ್ಯ ಉಬ್ಬು. ನಮ್ಮವಳದ್ದು 6.5, ಮಧ್ಯಮ.

ಅಲ್ಲಿಂದ ಎಕೋಗಳ ಸರಣಿ. ಎಕೋ ಅಂದರೆ ಗರ್ಭಿಣಿಯರಿಗೆ ಮಾಡುತ್ತಾರಲ್ಲ, ಅಂಥದೇ ಶಬ್ದತರಂಗದ ಪರೀಕ್ಷೆ. ನೋವಿಲ್ಲ, ವಿಕಿರಣವಿಲ್ಲ. ಚಿಕ್ಕ ಮಕ್ಕಳ ಎದೆಗೂಡು ತೆಳುವಾಗಿರುವುದರಿಂದ ನಾಳದ ಬುಡದ ಭಾಗ ಚೆನ್ನಾಗಿ ಕಾಣುತ್ತದೆ. ಎರಡು ವರ್ಷದಲ್ಲಿ ನಮ್ಮ 3.6 ಎನ್ನುವುದು 3.0ಕ್ಕೆ ಇಳಿಯಿತು. ಇಂಥ ಉಬ್ಬುಗಳಲ್ಲಿ ಅರ್ಧದಿಂದ ಮೂರರಲ್ಲಿ ಎರಡು ಪಾಲು ಒಂದೆರಡು ವರ್ಷದಲ್ಲಿ ಹೀಗೆ ಕುಗ್ಗಿ, ಚಿತ್ರದಲ್ಲಿ ಸಾಮಾನ್ಯ ನಾಳದ ಹಾಗೇ ಕಾಣತೊಡಗುತ್ತವೆ. ಮನೆಯಲ್ಲಿ ಹೋಳಿಗೆ ಮಾಡಿದೆವು. ನಂಟರಿಷ್ಟರೆಲ್ಲ "ಇನ್ನೇನು, ಮುಗೀತಲ್ಲ" ಅಂದರು.

ಆದರೆ ಕುಗ್ಗುವುದು ಬೇರೆ, ವಾಸಿಯಾಗುವುದು ಬೇರೆ. ಇದನ್ನು ನನಗೆ ತಿಳಿಸಿ ಹೇಳಿದವರು ಪುಣೆಯ ಮಕ್ಕಳ ಹೃದಯ ತಜ್ಞೆ. ಉಬ್ಬಿದ ನಾಳ ಮತ್ತೆ ಸಣ್ಣದಾಗುವುದು ಬಹಳ ಸಲ ಅದರ ಒಳಗೋಡೆ ದಪ್ಪಗಾಗುವುದರಿಂದ. ಹಳೆಯ ಮನೆಯ ಬಿರುಕಿಗೆ ಒಳಗಿಂದ ಗಿಲಾಯಿ ಮಾಡಿದ ಹಾಗೆ. ಕೋಣೆಯ ಅಗಲ ಮೊದಲಿನಷ್ಟಾಯಿತು, ಗೋಡೆ ಮೊದಲಿನದಲ್ಲ. ಅದು ಮೊದಲಿನಂತೆ ಹಿಗ್ಗುವುದಿಲ್ಲ. ಉಬ್ಬು ದೊಡ್ಡದಿದ್ದವರಲ್ಲಿ, ಅದೂ ಉಬ್ಬು ಶುರುವಾಗುವ ಮತ್ತು ಮುಗಿಯುವ ತುದಿಗಳಲ್ಲಿ, ವರ್ಷಗಳ ಮೇಲೆ ನಾಳ ಕಿರಿದಾಗಬಹುದು. ಸುಣ್ಣದ ಅಂಶ ಕೂಡಬಹುದು. ಒಳಗೆ ರಕ್ತ ಹೆಪ್ಪುಗಟ್ಟಬಹುದು. ಇದಾವುದಕ್ಕೂ ಜ್ವರ ಬರುವುದಿಲ್ಲ, ಮಗು ಊಟ ಬಿಡುವುದಿಲ್ಲ. ಓಡಿ ಆಡುತ್ತಲೇ ಇರುತ್ತದೆ. ಕಲಬುರಗಿಯ ತಾಯಿಯ ಪ್ರಶ್ನೆಗೆ ಉತ್ತರ ಇದೇ: ಎಕೋ ಮಾಡಿಸುವುದು ಜ್ವರ ಹೋಯಿತೇ ಎಂದು ನೋಡಲಿಕ್ಕಲ್ಲ, ಜ್ವರ ಹೋಗುವಾಗ ಗೋಡೆಗೆ ಏನು ಮಾಡಿ ಹೋಯಿತು, ಆ ಗೋಡೆ ಈಗ ಹೇಗಿದೆ ಎಂದು ನೋಡಲಿಕ್ಕೆ.

ಹಾಗೆಂದು ಕವಾಸಾಕಿ ಆದವರೆಲ್ಲ ಜೀವನಪೂರ್ತಿ ಆಸ್ಪತ್ರೆಗೆ ಅಲೆಯಬೇಕೆಂದಲ್ಲ. ನಾಳ ಒಮ್ಮೆಯೂ ಉಬ್ಬದ ಮಕ್ಕಳೇ ಹೆಚ್ಚು. ಅವರಿಗೆ ಮೊದಲ ಒಂದೂವರೆ ತಿಂಗಳ ಎಕೋಗಳು ಸರಿಯಿದ್ದರೆ, ಹೆಚ್ಚೆಂದರೆ ಒಂದು ವರ್ಷ ನೋಡಿ, ಇನ್ನು ಬರಬೇಡಿ ಎಂದು ಕಳಿಸಿಬಿಡುತ್ತಾರೆ. ದೈತ್ಯ ಉಬ್ಬು ಇರುವವರು ಮಾತ್ರ ಕೆಲವು ತಿಂಗಳಿಗೊಮ್ಮೆ, ಬದುಕಿರುವವರೆಗೆ ತೋರಿಸುತ್ತಿರಬೇಕು. ನಡುವಿನವರದ್ದು ನಡುವಿನ ದಾರಿ. ಯಾರು ಯಾವ ಗುಂಪು ಎಂದು ನಿರ್ಧಾರವಾಗುವುದು ಈಗ ನಾಳ ಎಷ್ಟಿದೆ ಎನ್ನುವುದರ ಮೇಲಷ್ಟೇ ಅಲ್ಲ, ಹಿಂದೆ ಅತಿ ಹೆಚ್ಚೆಂದರೆ ಎಷ್ಟು ಉಬ್ಬಿತ್ತು ಎನ್ನುವುದರ ಮೇಲೂ ಹೌದು.

ಇಲ್ಲಿಯೇ ವಲಸೆ ಬಂದವರ ಕಷ್ಟ ಶುರುವಾಗುವುದು.

2015ರಲ್ಲಿ ನಾವು ಪುಣೆಗೆ ಬಂದೆವು. ಪಾತ್ರೆ, ಹಾಸಿಗೆ, ದೇವರ ಮಂದಾಸನ ಎಲ್ಲ ಲಾರಿಯಲ್ಲಿ. ಮಗಳ ಫೈಲು ಮಾತ್ರ ನನ್ನ ತೊಡೆಯ ಮೇಲೆ. ಇಲ್ಲಿಯ ತಜ್ಞೆ ಫೈಲು ತಿರುವಿ ಹಾಕಿ, "ರಿಪೋರ್ಟ್ ಇದೆ. ಚಿತ್ರಗಳು ಎಲ್ಲಿ?" ಅಂದರು. ಫೈಲಿನಲ್ಲಿ ಥರ್ಮಲ್ ಕಾಗದದ ಮೇಲೆ ಮುದ್ರಿಸಿದ ನಾಲ್ಕು ಚಿತ್ರಗಳಿದ್ದವು, ಬಸ್ ಟಿಕೆಟ್ಟಿನ ಅಕ್ಷರದಂತೆ ಆಗಲೇ ಮಾಸಿಹೋಗಿದ್ದವು. ಅವರಿಗೆ ಬೇಕಾಗಿದ್ದು ಎಕೋದ ವಿಡಿಯೋ. ಊರಿನ ಆಸ್ಪತ್ರೆಗೆ ಫೋನು ಮಾಡಿದರೆ, ಕಂಪ್ಯೂಟರ್ ವ್ಯವಸ್ಥೆ ಬದಲಾಗಿದೆ, ಹಳೆಯದು ಸಿಗುವುದಿಲ್ಲ ಅಂದರು. ನನ್ನ ಗಂಡ ಹಬ್ಬಕ್ಕೆ ಹೋದಾಗ ಖುದ್ದಾಗಿ ಕೇಳಿ ಬಂದರು, ಅದೇ ಉತ್ತರ.

ಆಗ ತಿಳಿದದ್ದು ಒಂದು ನಿಯಮ. ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟಿರಬೇಕು, ರೋಗಿಯ ಕಡೆಯವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ. ಎಷ್ಟೋ ಕಾಯಿಲೆಗಳಿಗೆ ಮೂರು ವರ್ಷ ಸಾಕು. ಆದರೆ ಮೂರನೇ ವಯಸ್ಸಿನಲ್ಲಿ ಉಬ್ಬಿದ ನಾಳದ ಅಳತೆ ಮೂವತ್ತನೇ ವಯಸ್ಸಿನಲ್ಲಿ ಬೇಕಾಗುತ್ತದೆ. ಅಷ್ಟು ವರ್ಷ ಅದನ್ನು ಕಾಯುವ ಹೊಣೆ ಯಾವ ಆಸ್ಪತ್ರೆಯದೂ ಅಲ್ಲ. ಕಾಯುವವರು ನಾವೇ.

ನಮ್ಮ ಪುಣ್ಯಕ್ಕೆ 3.6 ಎಂದು ಬರೆದ ಹಾಳೆ ಉಳಿದಿತ್ತು. ಅದು ಉಳಿದದ್ದರಿಂದ ಏನಾಯಿತು ಕೇಳಿ.

2025ರಲ್ಲಿ ಮಗಳಿಗೆ 16 ವರ್ಷ. ಆ ವರ್ಷದ ಎಕೋದಲ್ಲಿ ಅದೇ ನಾಳ 3.4 ಮಿಲಿಮೀಟರ್ ಎಂದು ಬಂತು. ಅವಳ ಈಗಿನ ಎತ್ತರ, ತೂಕಕ್ಕೆ ಅದು ಪೂರ್ತಿ ಸಾಮಾನ್ಯ. ಅಷ್ಟೇಕೆ, ಮೂರು ವರ್ಷದವಳಿದ್ದಾಗಿನ 3.6 ಹಾಗೇ ಉಳಿದಿದ್ದರೂ ಇವತ್ತಿನ ಲೆಕ್ಕದಲ್ಲಿ ಅದು ಸಾಮಾನ್ಯವೇ! ಮಗಳು ಬೆಳೆದಳು, ಉಬ್ಬು ಲೆಕ್ಕದಿಂದ ಮಾಯವಾಯಿತು. ಹಳೆಯ ಹಾಳೆ ಇಲ್ಲದೆ, ಹೊಸ ಊರಿನಲ್ಲಿ, ಹೊಸ ವೈದ್ಯರ ಮುಂದೆ ಕೂತಿದ್ದರೆ ರಿಪೋರ್ಟಿನಲ್ಲಿ ಎರಡು ಪದ ಬರುತ್ತಿದ್ದವು: ಎಕೋ ನಾರ್ಮಲ್. ಅದರಲ್ಲಿ ಸುಳ್ಳೇನೂ ಇರುತ್ತಿರಲಿಲ್ಲ.

ರಿಪೋರ್ಟಿನ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ನಾಳದ ದೂರದ ಭಾಗಗಳು ಸ್ಪಷ್ಟವಾಗಿ ಕಾಣುತ್ತಿಲ್ಲ ಎಂದು. ಇದು ಯಾರ ತಪ್ಪೂ ಅಲ್ಲ. ಮಕ್ಕಳು ಬೆಳೆದ ಹಾಗೆ ಎದೆಗೂಡು ದಪ್ಪಗಾಗುತ್ತದೆ, ಶಬ್ದತರಂಗಕ್ಕೆ ದಾರಿ ಕಡಿಮೆಯಾಗುತ್ತದೆ. ಮೂರು ವರ್ಷದ ಮಗುವಿನಲ್ಲಿ ಕಂಡದ್ದು ಹದಿನಾರರ ಹುಡುಗಿಯಲ್ಲಿ ಕಾಣುವುದಿಲ್ಲ. ನಾಳ ಕಿರಿದಾಗುವ, ಸುಣ್ಣ ಕೂಡುವ ಸಾಧ್ಯತೆ ಹೆಚ್ಚುವ ವಯಸ್ಸಿಗೇ ಎಕೋದ ಕಣ್ಣು ಮಂಜಾಗುತ್ತದೆ. ಅದಕ್ಕೇ ತಜ್ಞೆ ಈ ಸಲ ಎಕೋ ಸಾಲದು, ಸಿ.ಟಿ. ಆಂಜಿಯೋಗ್ರಾಂ ಮಾಡೋಣ ಅಂದರು.

ಎಕೋ, ಸಿ.ಟಿ., ಎಂ.ಆರ್.ಐ., ಟ್ರೆಡ್‌ಮಿಲ್. ಒಂದಾದ ಮೇಲೊಂದು ಯಾಕೆ ಎಂದು ನನಗೂ ಅನ್ನಿಸಿತ್ತು. ಪುಣೆಯವರಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಹಿಂಜವಡಿಯ ರಸ್ತೆ ಎಷ್ಟು ಅಗಲ ಇದೆ, ಎಲ್ಲಿ ಕಿರಿದಾಗಿದೆ ಎಂದು ಮೇಲಿನಿಂದ ಫೋಟೋ ತೆಗೆದು ನೋಡಬಹುದು. ಅದು ಸಿ.ಟಿ. ಆದರೆ ಅಗಲ ಗೊತ್ತಾದರೆ ಸಾಲದು. ರಾತ್ರಿ ಎರಡಕ್ಕೆ ಆ ರಸ್ತೆಯಲ್ಲಿ ಯಾರಿಗೂ ತೊಂದರೆಯಿಲ್ಲ, ಬೆಳಿಗ್ಗೆ ಒಂಬತ್ತಕ್ಕೆ ಐ.ಟಿ. ಬಸ್ಸುಗಳೆಲ್ಲ ಒಮ್ಮೆಲೇ ನುಗ್ಗಿದಾಗ ನೋಡಬೇಕು. ಹೃದಯಕ್ಕೆ ಆ ಬೆಳಗಿನ ಒಂಬತ್ತು ಗಂಟೆ ತಂದು ತೋರಿಸುವುದು ಟ್ರೆಡ್‌ಮಿಲ್ ಮತ್ತು ಇತರ ಸ್ಟ್ರೆಸ್ ಪರೀಕ್ಷೆಗಳು: ಓಡಿಸಿ ಅಥವಾ ಔಷಧಿ ಕೊಟ್ಟು ಹೃದಯಕ್ಕೆ ಕೆಲಸ ಹೆಚ್ಚಿಸಿ, ರಕ್ತ ಸಾಕಾಗುತ್ತಿದೆಯೇ ಎಂದು ನೋಡುವುದು. ಎಂದಾದರೂ ರಕ್ತ ಸಾಲದೆ ಹೃದಯದ ಸ್ನಾಯುವಿಗೆ ಗಾಯವಾಗಿತ್ತೇ ಎಂದು ಚೆನ್ನಾಗಿ ಹೇಳುವುದು ಎಂ.ಆರ್.ಐ. ಅದರಲ್ಲಿ ವಿಕಿರಣವಿಲ್ಲ. ಆದರೆ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಅಲ್ಲಾಡದೆ ಮಲಗಬೇಕು, ಚಿಕ್ಕ ಮಕ್ಕಳಿಗೆ ಮಂಪರು ಔಷಧಿ ಬೇಕು, ನಾಳದ ಸಣ್ಣ ವಿವರ ಸಿ.ಟಿ.ಯಷ್ಟು ಕಾಣುವುದಿಲ್ಲ. ತೊಡೆಯಿಂದಲೋ ಕೈಯಿಂದಲೋ ತಂತಿ ಹಾಕಿ ಮಾಡುವ ಹಳೆಯ ಆಂಜಿಯೋಗ್ರಾಂ ಈಗ ಸಾಮಾನ್ಯವಾಗಿ ಕೊನೆಯ ಮೆಟ್ಟಿಲು, ಏನಾದರೂ ಚಿಕಿತ್ಸೆ ಮಾಡಲೇಬೇಕು ಎನ್ನುವಾಗ. ಒಂದೊಂದು ಯಂತ್ರ ಒಂದೊಂದು ಪ್ರಶ್ನೆಗೆ ಉತ್ತರ ಕೊಡುತ್ತದೆ. "ಈ ಪರೀಕ್ಷೆಯಿಂದ ಯಾವ ಪ್ರಶ್ನೆಗೆ ಉತ್ತರ ಸಿಗುತ್ತದೆ?" ಎಂದು ವೈದ್ಯರನ್ನು ಕೇಳಿ. ಯಾರೂ ಬೇಸರ ಮಾಡಿಕೊಂಡದ್ದನ್ನು ನಾನು ನೋಡಿಲ್ಲ.

ಸಿ.ಟಿ. ಅಂದಕೂಡಲೇ ತಾಯಂದಿರಿಗೆ ವಿಕಿರಣದ ಹೆದರಿಕೆ. ನನಗೂ ಇತ್ತು, ಇರಬೇಕಾದದ್ದೇ. ಮಕ್ಕಳ ಮೈ ದೊಡ್ಡವರಿಗಿಂತ ಸೂಕ್ಷ್ಮ, ಮುಂದೆ ಬಾಳಬೇಕಾದ ವರ್ಷಗಳೂ ಹೆಚ್ಚು. ಆದರೆ ಯಂತ್ರಗಳು ಬದಲಾಗಿವೆ. ನಮ್ಮ ದೇಶದಲ್ಲಿ ಕವಾಸಾಕಿ ಮಕ್ಕಳನ್ನು 1990ರ ದಶಕದಿಂದ ಬೆನ್ನುಬಿಡದೆ ನೋಡುತ್ತ ಬಂದಿರುವುದು ಚಂಡೀಗಡದ ಪಿ.ಜಿ.ಐ. ಸಂಸ್ಥೆ. ಡಾ. ಸುರ್ಜಿತ್ ಸಿಂಗ್ ಅವರ ತಂಡ ಅಲ್ಲಿ ಡ್ಯುಯಲ್ ಸೋರ್ಸ್ ಎಂಬ ಬಗೆಯ ಸಿ.ಟಿ. ಬಳಸಿ, ಬಹಳ ಕಡಿಮೆ ವಿಕಿರಣದಲ್ಲಿ ಚಿಕ್ಕ ಮಕ್ಕಳ ಕರೋನರಿ ನಾಳಗಳ ಚಿತ್ರ ತೆಗೆದು ಪ್ರಕಟಿಸಿದೆ. ಎಕೋಗೆ ಕಾಣದ ದೂರದ ಉಬ್ಬುಗಳು ಅದರಲ್ಲಿ ಕಂಡಿವೆ. ಒಳ್ಳೆಯ ಯಂತ್ರ, ಮಕ್ಕಳಿಗೆಂದೇ ಹೊಂದಿಸಿದ ಡೋಸ್ ಇದ್ದರೆ ಒಂದು ಮಿಲಿಸೀವರ್ಟ್ ಸುತ್ತಮುತ್ತ, ಅದಕ್ಕಿಂತ ಕಡಿಮೆಯಲ್ಲೂ ಮುಗಿಸಬಹುದು. ನೆಲ, ಗಾಳಿ, ಆಕಾಶದಿಂದ ಸಹಜವಾಗಿ ನಮ್ಮ ಮೈಮೇಲೆ ಬೀಳುವ ವಿಕಿರಣವೇ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್. ಹಾಗೆಂದು ವರ್ಷಕ್ಕೊಂದು ಸಿ.ಟಿ. ಮಾಡಿಸುತ್ತ ಹೋಗುವುದೂ ಸರಿಯಲ್ಲ. ಕೇಳಬೇಕಾದದ್ದು ಇಷ್ಟು: ಮಕ್ಕಳ ಹೃದಯದ ಸಿ.ಟಿ. ಇಲ್ಲಿ ಮಾಡಿ ಅಭ್ಯಾಸ ಇದೆಯೇ? ಡೋಸ್ ಎಷ್ಟಾಯಿತು ಎಂದು ರಿಪೋರ್ಟಿನಲ್ಲಿ ಬರೆದುಕೊಡುತ್ತೀರಾ?

ಆ ದಿನ ಬೆಳಿಗ್ಗೆ ಹೃದಯದ ಬಡಿತ ನಿಧಾನವಾಗಲು ಮಾತ್ರೆ ಕೊಟ್ಟರು. ಬಡಿತ ಜೋರಾಗಿದ್ದರೆ ಚಿತ್ರ ಅಲುಗಿದ ಫೋಟೋದಂತಾಗುತ್ತದಂತೆ. ಕೈಯ ನರಕ್ಕೆ ಅಯೋಡಿನ್ ಇರುವ ದ್ರವ ಬಿಟ್ಟಾಗ ಮೈಯೆಲ್ಲ ಬಿಸಿಯಾಗುತ್ತದೆ, ಹೆದರಬೇಡ ಎಂದು ಮೊದಲೇ ಹೇಳಿದ್ದರು. ಗಾಜಿನ ಆಚೆಯಿಂದ ತಂತ್ರಜ್ಞ "ಶ್ವಾಸ ರೋಖೂನ್ ಧರ್" ಅಂದ. ಧಾರವಾಡದ ಹುಡುಗಿ ಮರಾಠಿಯಲ್ಲಿ ಉಸಿರು ಬಿಗಿಹಿಡಿದಳು. ಕೆಲವೇ ಸೆಕೆಂಡು, ಮುಗಿಯಿತು. ನಾನು ಹೊರಗೆ ಬಿಗಿಹಿಡಿದದ್ದು ಮಾತ್ರ ರಿಪೋರ್ಟ್ ಬರುವವರೆಗೆ.

ನಾಳ ಎಲ್ಲಿಯೂ ಕಿರಿದಾಗಿರಲಿಲ್ಲ. ಆದರೆ ಹಿಂದೆ 3.6 ಇದ್ದ ಜಾಗದಲ್ಲೇ, ಗೋಡೆಯಲ್ಲಿ, ಸುಣ್ಣದ ಒಂದು ಸಣ್ಣ ಚುಕ್ಕೆ. ಹದಿನಾರು ವರ್ಷದ ಹುಡುಗಿಯ ಹೃದಯದ ನಾಳದಲ್ಲಿ ಅದು ಇರಬಾರದ ವಸ್ತು. ಎಕೋದಲ್ಲಿ ಕಾಣದ ಚುಕ್ಕೆ. ಟ್ರೆಡ್‌ಮಿಲ್ ಚೆನ್ನಾಗಿ ಬಂತು, ರಕ್ತ ಸಾಕಷ್ಟು ಹರಿಯುತ್ತಿದೆ. ಆಸ್ಪಿರಿನ್ನಿನ ಸಣ್ಣ ಮಾತ್ರೆ ಮುಂದುವರಿಸಿ, ತಪಾಸಣೆ ಬಿಡಬೇಡಿ, ಹುಡುಗಿ ಆಡಲಿ ಅಂದರು. ಭಯ ಪಡುವಂಥದ್ದಲ್ಲ, ಮರೆಯುವಂಥದ್ದೂ ಅಲ್ಲ. ಹಳೆಯ ಹಾಳೆ ಇಲ್ಲದಿದ್ದರೆ ಸಿ.ಟಿ. ಇಲ್ಲ, ಸಿ.ಟಿ. ಇಲ್ಲದಿದ್ದರೆ ಚುಕ್ಕೆ ಗೊತ್ತಿಲ್ಲ, ಚುಕ್ಕೆ ಗೊತ್ತಿಲ್ಲದೆ ಹದಿನೆಂಟಾದ ಮೇಲೆ ಅವಳು ಯಾವ ಹೃದಯ ವೈದ್ಯರ ಬಳಿಗೂ ಹೋಗುತ್ತಿರಲಿಲ್ಲ.

"ಹುಡುಗಿ ಆಡಲಿ" ಎನ್ನುವ ಮಾತಿಗೂ ಬೆಲೆಯಿದೆ. ಹಿಂದೊಮ್ಮೆ ಒಂದು ಶಾಲೆಯಲ್ಲಿ "ಹೃದಯದ ಪೇಷೆಂಟು" ಎಂದು ಅವಳನ್ನು ಖೋಖೋದಿಂದ ಹೊರಗೆ ಕೂರಿಸಿದ್ದರು. ಟ್ರೆಡ್‌ಮಿಲ್ ರಿಪೋರ್ಟು, ವೈದ್ಯರ ಪತ್ರ ತೋರಿಸಿದ ಮೇಲೆ ಒಳಗೆ ಸೇರಿಸಿದರು. ಪರೀಕ್ಷೆಗಳು ಬರೀ ಬೇಡ ಅನ್ನಲಿಕ್ಕಿರುವುದಲ್ಲ, ಎಷ್ಟೋ ಸಲ ಹೂಂ ಅನ್ನಲಿಕ್ಕೂ ಬೇಕಾಗುತ್ತವೆ.

ಬಿಟ್ಟರೆ ಏನಾಗುತ್ತದೆ? ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ, ಹೃದಯಕ್ಕೆ ರಕ್ತ ಸಾಲುತ್ತಿಲ್ಲವೆಂಬ ಸಂಶಯದಿಂದ ಆಂಜಿಯೋಗ್ರಾಂ ಆಗಿದ್ದ 40 ವರ್ಷದೊಳಗಿನವರ ಚಿತ್ರಗಳನ್ನು ಮತ್ತೆ ತೆಗೆದು ನೋಡಿದರು. ಅವರಲ್ಲಿ ನೂರಕ್ಕೆ ಸುಮಾರು ಐವರ ನಾಳದಲ್ಲಿ ಚಿಕ್ಕಂದಿನ ಕವಾಸಾಕಿಯದೇ ಇರಬಹುದಾದ ಉಬ್ಬುಗಳಿದ್ದವು. ಚಿಕ್ಕಂದಿನ ಯಾವುದೋ ಜ್ವರ ದೊಡ್ಡವನಾದ ಮೇಲೆ ಎದೆನೋವಾಗಿ ಬರುವುದು ಹೀಗೆ. ಆಗ ತುರ್ತು ವಿಭಾಗದಲ್ಲಿ "ಚಿಕ್ಕಂದಿನಲ್ಲಿ ಏನಾದರೂ ಆಗಿತ್ತಾ?" ಎಂದು ಕೇಳಿದರೆ ಉತ್ತರ ಗೊತ್ತಿರುವುದು ಅಮ್ಮನಿಗೆ. ಅಮ್ಮ ಇರುವುದು ಊರಿನಲ್ಲಿ.

ಕೋವಿಡ್ ಕಾಲದಲ್ಲಿ ಸೋಂಕು ಬಂದು ಹೋಗಿ ಕೆಲವು ವಾರದ ಮೇಲೆ ಮಕ್ಕಳಿಗೆ ಜೋರು ಜ್ವರ, ಕೆಂಪು ಕಣ್ಣು, ಹೊಟ್ಟೆನೋವು ಬಂದು ಆಸ್ಪತ್ರೆ ಸೇರಿದ್ದು ನಿಮಗೆ ನೆನಪಿರಬಹುದು. ಎಂ.ಐ.ಎಸ್.ಸಿ. ಎನ್ನುತ್ತಿದ್ದರು. ಪುಣೆಯಲ್ಲೂ ಬಂದವು. ಕವಾಸಾಕಿಯನ್ನು ಹೋಲುವ ಆ ಕಾಯಿಲೆಯಲ್ಲೂ ಕೆಲವು ಮಕ್ಕಳ ಕರೋನರಿ ನಾಳ ಹಿಗ್ಗಿತ್ತು. ಬಹುತೇಕರದ್ದು ಕೆಲವೇ ವಾರಗಳಲ್ಲಿ ಸರಿಹೋಯಿತು. ಆದರೂ ನಿಮ್ಮ ಮಗು ಅದರಲ್ಲಿ ಒಂದಾಗಿದ್ದರೆ, ಆ ಎಕೋ ರಿಪೋರ್ಟುಗಳು ಎಲ್ಲಿವೆ ಎಂದು ಈ ವಾರವೇ ಹುಡುಕಿ ತೆಗೆದಿಡಿ.

ಏನೇನು ಇಟ್ಟುಕೊಳ್ಳಬೇಕು? ಡಿಸ್ಚಾರ್ಜ್ ಸಾರಾಂಶ: ಜ್ವರದ ಎಷ್ಟನೇ ದಿನ ಇಮ್ಯುನೋಗ್ಲಾಬುಲಿನ್ ಕೊಟ್ಟರು, ಎಷ್ಟು ಗ್ರಾಂ ಎನ್ನುವುದು ಅದರಲ್ಲಿರಬೇಕು. ಪ್ರತಿ ಎಕೋದ ಅಳತೆ, ಅದರ ಪಕ್ಕದಲ್ಲಿ ಅಂದಿನ ಎತ್ತರ ಮತ್ತು ತೂಕ, ಯಾಕೆಂದರೆ ಅವಿಲ್ಲದೆ ಝಡ್ ಸ್ಕೋರ್ ಲೆಕ್ಕ ಹಾಕಲಾಗದು. ಎಕೋ, ಸಿ.ಟಿ., ಎಂ.ಆರ್.ಐ.ಗಳ ಮೂಲ ಕಡತಗಳು; ಪರೀಕ್ಷೆಯ ದಿನವೇ ಪೆನ್‌ಡ್ರೈವಿನಲ್ಲಿ ಕೇಳಿ ಪಡೆದರೆ ಒಳ್ಳೆಯದು. ಸಿ.ಡಿ. ಕೊಟ್ಟರೆ ಮನೆಗೆ ಬಂದು ನಕಲು ಮಾಡಿಕೊಳ್ಳಿ. ನಮಗೆ ಕೊಟ್ಟ ಒಂದು ಸಿ.ಡಿ.ಯನ್ನು ತೆರೆಯಲು ಇಡೀ ಅಪಾರ್ಟ್‌ಮೆಂಟಿನಲ್ಲಿ ಡ್ರೈವ್ ಇರುವ ಕಂಪ್ಯೂಟರ್ ಒಂದೇ ಸಿಕ್ಕಿತು, ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರ ಮನೆಯಲ್ಲಿ. ಥರ್ಮಲ್ ಕಾಗದದ ಚಿತ್ರಗಳನ್ನು ಮಾಸುವ ಮೊದಲೇ ಫೋನಿನಲ್ಲಿ ಸ್ಕ್ಯಾನ್ ಮಾಡಿ. 2021ರಲ್ಲಿ ದೇಶಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ 14 ಅಂಕಿಯ ಆಭಾ ಸಂಖ್ಯೆ ಮಾಡಿಸಿ, ರಿಪೋರ್ಟುಗಳನ್ನು ಅದಕ್ಕೆ ಜೋಡಿಸಬಹುದು. ಆದರೂ ಮನೆಯ ಫೈಲು ಬಿಡಬೇಡಿ. ಊರು ಬಿಡುವ ಮೊದಲು, ಗ್ಯಾಸ್ ಸಂಪರ್ಕ ವರ್ಗಾಯಿಸುವ ಹಾಗೇ, ಆಸ್ಪತ್ರೆಗೆ ಒಂದು ಅರ್ಜಿ ಕೊಟ್ಟು ಪೂರ್ತಿ ದಾಖಲೆ ತೆಗೆದುಕೊಂಡು ಬನ್ನಿ.

ಇನ್ನೊಂದು ಕೆಲಸ ಉಳಿದಿದೆ. ಮಗಳಿಗೆ ಈಗ ಹದಿನೇಳು. ಮುಂದಿನ ವರ್ಷ ಮಕ್ಕಳ ವಿಭಾಗ ಬಿಟ್ಟು ದೊಡ್ಡವರ ಹೃದಯ ವಿಭಾಗಕ್ಕೆ ಹೋಗಬೇಕು. ಅಲ್ಲಿ ಅವಳ ಸುತ್ತ ಕೂತಿರುವವರು ಅರವತ್ತು ದಾಟಿದ, ಕೊಬ್ಬು ಕಟ್ಟಿದ ನಾಳದವರು. ಅವಳ ಕಾಯಿಲೆಯೇ ಬೇರೆ. ಅದನ್ನು ಹೇಳಬೇಕಾದವಳು ಅವಳೇ. ಕಾಲೇಜಿಗೆಂದು ಬೆಂಗಳೂರಿಗೆ ಹೋಗುತ್ತಾಳೋ ಇನ್ನೆಲ್ಲಿಗೋ, ನಾನು ಫೈಲು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂರಲಾಗದು. ಹಾಗಾಗಿ ಈ ಬೇಸಿಗೆಯಲ್ಲಿ ಇಬ್ಬರೂ ಕೂತು ಒಂದೇ ಪುಟದ ಸಾರಾಂಶ ಬರೆದೆವು. ಕಾಯಿಲೆ ಆದ ವರ್ಷ, ಅತಿ ಹೆಚ್ಚು ಉಬ್ಬಿದ್ದಾಗಿನ ಅಳತೆ, ಅಂದಿನ ತೂಕ, ಸಿ.ಟಿ.ಯ ದಿನಾಂಕ, ಚುಕ್ಕೆ ಇರುವ ಜಾಗ, ಈಗಿನ ಮಾತ್ರೆ. ಮೊದಲ ಸಾಲಿನಲ್ಲೇ 3.6. ಅದರ ಫೋಟೋ ಅವಳ ಫೋನಿನಲ್ಲಿದೆ, ನನ್ನದರಲ್ಲಿದೆ, ಧಾರವಾಡದಲ್ಲಿರುವ ಅವಳ ಸೋದರಮಾವನ ಫೋನಿನಲ್ಲೂ ಇದೆ.

ಮುಂದಿನ ತಪಾಸಣೆ ಗಣಪತಿ ಹಬ್ಬದ ನಂತರ. ಅಪಾಯಿಂಟ್‌ಮೆಂಟ್ ಈ ಸಲ ಅವಳೇ ಫೋನ್ ಮಾಡಿ ತೆಗೆದುಕೊಂಡಳು.